ಹನ್ನೊಂದನೇ ವರ್ಗಾವಣೆ

ಗಂಡನಿಗೆ ವರ್ಗವಾದಾಗಲೆಲ್ಲ ಅವಳ ಕೆಲಸ ಮಣ್ಣುಪಾಲಾಗುತ್ತಿತ್ತು. ಇಪ್ಪತ್ತನಾಲ್ಕು ವರ್ಷದಲ್ಲಿ ಹತ್ತು ಊರು ಕಂಡಳು. ಒಂದೂರಲ್ಲಿ ಟೈಪಿಸ್ಟ್ ಆಗಿದ್ದವಳು ಇನ್ನೊಂದೂರಲ್ಲಿ ಹೊಲಿಗೆ ಟೀಚರ್ ಆದಳು. ಆಮೇಲೆ ಔಷಧಿ ಅಂಗಡಿಯಲ್ಲಿ ಚೀಟಿ ನೋಡಿ ಮಾತ್ರೆ ಕೊಟ್ಟಳು. ಕೈ ಕುದುರುವಷ್ಟರಲ್ಲಿ ಗಂಟುಮೂಟೆ ಕಟ್ಟುವ ಹೊತ್ತು ಬಂದಿರುತ್ತಿತ್ತು. "ಇವಳು ಯಾವುದರಲ್ಲೂ ನೆಟ್ಟಗೆ ನಿಲ್ಲೋಳಲ್ಲ" ಎಂದು ಅತ್ತೆ ನೆಂಟರ ಮುಂದೆ ಹೇಳುತ್ತಿದ್ದರು. ಅವರ ಮಗ ಪಕ್ಕದಲ್ಲಿ ಕೂತು ತಲೆದೂಗುತ್ತಿದ್ದ.

ಹತ್ತನೇ ಊರಿನಲ್ಲಿ, ಮನೆ ಸಾಮಾನು ಸಾಗಿಸುವ ಕಂಪನಿಗೆ ಕೆಲಸ ಕೇಳಲು ಹೋದಳು.

"ಅನುಭವ ಏನಿದೆಯಮ್ಮಾ?" ಎಂದ ಮಾಲೀಕ.

ಅವಳು ಆಳುಗಳು ತುಂಬುತ್ತಿದ್ದ ಪೆಟ್ಟಿಗೆಯತ್ತ ತಿರುಗಿದಳು. "ಪಿಂಗಾಣಿ ತಟ್ಟೆನ ಯಾರಾದ್ರೂ ಮಲಗಿಸ್ತಾರೇನ್ರಪ್ಪಾ? ಅಂಚಿನ ಮೇಲೆ ನಿಲ್ಲಿಸಿ. ಮಲಗಿಸಿದ್ರೆ ಮೊದಲನೇ ಗುಂಡಿಗೇ ಚೂರು!"

ಮರುದಿನವೇ ಅವಳು ಅಲ್ಲಿ ಮೇಲ್ವಿಚಾರಕಿಯಾದಳು. ಆರು ತಿಂಗಳಲ್ಲಿ ಹನ್ನೆರಡು ಆಳುಗಳು ಅವಳು ಹಾಕಿದ ಗೆರೆ ದಾಟದಂತಾದರು.

ಅಷ್ಟರಲ್ಲಿ ಗಂಡ ಹನ್ನೊಂದನೇ ಆದೇಶ ಹಿಡಿದು ಬಂದ. "ಸಾಮಾನು ಯಾವಾಗ ಕಟ್ಟೋಣ?"

"ನಿಮ್ಮದಾ? ಭಾನುವಾರ ನಮ್ಮ ಲಾರಿ ಖಾಲಿ ಇದೆ."

"ಮತ್ತೆ ನೀನು?"

"ನನ್ನ ಕೆಲಸ ಇಲ್ಲಿದೆಯಲ್ರೀ, ನಾನೆಲ್ಲಿಗೆ ಬರಲಿ? ಅತ್ತೇನ ಕರ್ಕೊಂಡು ಹೋಗಿ, ಅಡುಗೆಗೆ ಆಗ್ತಾರೆ."

ಒಳಗಿನಿಂದ ಅತ್ತೆ ಕೂಗಿದರು: "ನನ್ನ ಕೈಲಿ ಆಗಲ್ಲಪ್ಪಾ! ನಾನು ಸೊಸೆ ಹತ್ರಾನೇ ಇರ್ತೀನಿ."

ಸರ್ಕಾರದ ಆದೇಶ ಯಾರಪ್ಪ ಬಂದರೂ ಬದಲಾಗದು ಎಂದು ಹತ್ತು ಸಲ ಹೆಂಡತಿಗೆ ತಿಳಿಹೇಳಿದ್ದವನು, ಮರುದಿನ ಬೆಳಿಗ್ಗೆ ಎದ್ದವನೇ ದೊಡ್ಡ ಸಾಹೇಬರ ಬಾಗಿಲು ಕಾದ. ಮಧ್ಯಾಹ್ನದ ಊಟದೊಳಗೆ ಆದೇಶ ರದ್ದಾಯಿತು.