ನೆರಳು ತಿರುಗಿದ ಮಧ್ಯಾಹ್ನ

1999ರ ಬೇಸಿಗೆ. ಕಾರ್ಗಿಲ್ ಯುದ್ಧ ನಡೆದಿತ್ತು. ಸಿಂದಗಿಯವನಾದ ನಾನು ಆಗ ಉತ್ತರದ ಒಂದು ವಾಯುನೆಲೆಯಲ್ಲಿ ಸ್ಕ್ವಾಡ್ರನ್ ಲೀಡರ್. ನನ್ನ ಜೋಡಿ ವಿಮಾನದ ಪೈಲಟ್, ಫ್ಲೈಟ್ ಲೆಫ್ಟಿನೆಂಟ್ ಶ್ರೀಧರ, ಬಸವನ ಬಾಗೇವಾಡಿಯವನು. ಊಟದ ಮೇಜಿನಲ್ಲಿ ಇಬ್ಬರೂ ನಮ್ಮ ಕಡೆಯ ಮಾತಾಡಿ ಹಗುರಾಗುತ್ತಿದ್ದೆವು. ರೇಡಿಯೊದಲ್ಲಿ ಮಾತ್ರ ಇಂಗ್ಲಿಷ್ ಬಿಟ್ಟು ಬೇರೆ ಆಡುವಂತಿರಲಿಲ್ಲ.

ಅಂದಿನ ಗುರಿ, ಒಂದು ಬೆಟ್ಟಸಾಲಿನ ಪಶ್ಚಿಮದ ಕಣಿವೆಯಲ್ಲಿದ್ದ ಶತ್ರುವಿನ ಮದ್ದುಗುಂಡಿನ ಡೇರೆಗಳು. ಅದೇ ಸಾಲಿನ ಪೂರ್ವದ ಕಣಿವೆಯಲ್ಲಿ ನಮ್ಮ ಸೈನಿಕರೇ ಬೀಡುಬಿಟ್ಟಿದ್ದರು. ಬೆಳಿಗ್ಗೆಯೇ ಹಾರಬೇಕಿತ್ತು, ಮೋಡ ಬಿಡಲಿಲ್ಲ. ಕಾದು ಕಾದು ಹೊರಡುವಾಗ ಮಧ್ಯಾಹ್ನ ಸರಿದಿತ್ತು. ಗುರಿಯ ಫೋಟೊ ಮಾತ್ರ ಬೆಳಗಿನ ಹೊತ್ತು ತೆಗೆದದ್ದು. ಅದನ್ನು ಶ್ರೀಧರನಿಗೆ ತೋರಿಸಿ, "ಈ ಕರ್ರಗ ಕಾಣೋ ಕಣಿವಿ ನೋಡು, ಇದ ನಮ್ಮ ಗುರಿ" ಎಂದವನು ನಾನೇ.

ಬೆಟ್ಟಗಳ ಮೇಲೆ ಬಂದಾಗ ನನ್ನ ಮುಂದೆ ಮೋಡ ಅಡ್ಡ ಬಂತು. ಗುರಿ ಯಾರಿಗೆ ಕಾಣುವುದೋ ಅವರು ಮುಂದೆ ಹೋಗಬೇಕೆಂಬುದು ನಮ್ಮ ಪದ್ಧತಿ. "ಟಾರ್ಗೆಟ್ ಇನ್ ಸೈಟ್" ಎಂದ ಶ್ರೀಧರ. ನನಗೆ ಖುಷಿಯೇ ಆಯಿತು. ಮುಂದೆ ಹೋಗಲು ಹೇಳಿ ಹಿಂದೆ ಸರಿದೆ. ಅವನು ವಿಮಾನದ ಮೂಗು ಬಗ್ಗಿಸಿ ಡೈವ್ ಆರಂಭಿಸಿದ. ಇನ್ನು ಬಾಂಬ್ ಬಿಡಲು ಕೆಲವೇ ಸೆಕೆಂಡು.

ಆಗ ಎಡಗಡೆಯಿಂದ ಬಿಸಿಲು ನನ್ನ ಕಣ್ಣಿಗೆ ಹೊಡೆಯಿತು. ಸೂರ್ಯ ಪಶ್ಚಿಮಕ್ಕೆ ಇಳಿದಿದ್ದ. ಬೆಳಿಗ್ಗೆ ನೆರಳಿನಲ್ಲಿದ್ದ ಪಶ್ಚಿಮದ ಕಣಿವೆಗೆ ಈಗ ಬಿಸಿಲು ಬಿದ್ದಿತ್ತು. ಕಪ್ಪಗಿದ್ದುದು ಪೂರ್ವದ್ದು, ನಮ್ಮವರಿದ್ದದ್ದು. ಶ್ರೀಧರ ನಾನು ಹೇಳಿದಂತೆಯೇ ಆ ಕಪ್ಪಿನತ್ತ ಇಳಿಯುತ್ತಿದ್ದ.

ದಾಳಿ ನಿಲ್ಲಿಸುವುದಕ್ಕೆ ಒಂದು ಸಂಕೇತಪದವಿದೆ. ನೂರು ಸಲ ಅಭ್ಯಾಸ ಮಾಡಿದ್ದ ಆ ಪದ ನನಗೆ ಹೊಳೆಯಲೇ ಇಲ್ಲ.

"ಬ್ಯಾಡೋ, ಹಾಕಬ್ಯಾಡ! ಮ್ಯಾಲೆ ಏಳು!"

ಅವನ ವಿಮಾನ ಇನ್ನೂ ಇಳಿಯುತ್ತಲೇ ಇದೆ ಅನ್ನಿಸಿತು. ಆಮೇಲೆ ಅದರ ಮೂಗು ಮೇಲೆದ್ದಿತು. ಬಾಂಬುಗಳು ರೆಕ್ಕೆಯ ಕೆಳಗೇ ಇದ್ದವು. ಇನ್ನೊಂದು ಸುತ್ತು ಹಾಕುವಷ್ಟರಲ್ಲಿ ಮೋಡ ಎರಡೂ ಕಣಿವೆಗಳನ್ನು ಮುಚ್ಚಿತು. ಬಾಂಬುಗಳ ಸಮೇತವೇ ನೆಲೆಗೆ ಮರಳಿ ಇಳಿದೆವು.

"ಗುರಿ ತಪ್ಪು ಗುರುತಿಸಿದ್ದು ಯಾರು?" ಎಂದು ಆಮೇಲಿನ ವಿಚಾರಣೆಯಲ್ಲಿ ನೆಲೆಯ ಕಮಾಂಡರ್ ಕೇಳಿದರು. ಶ್ರೀಧರ ಎದ್ದು ನಿಂತ. ನಾನೂ ತಕ್ಷಣ ಎದ್ದೆ ಎಂದು ಬರೆಯಬಹುದಿತ್ತು, ಆದರೆ ಅದು ಸುಳ್ಳು. ಒಂದು ಕ್ಷಣ ಕೂತೇ ಇದ್ದೆ. ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. ಆಮೇಲೆ ಎದ್ದು, ಹೊತ್ತು ಬದಲಾದರೂ ಬೆಳಗಿನ ಫೋಟೊವನ್ನೇ ನಂಬಿ ತಪ್ಪು ಹೇಳಿಕೊಟ್ಟವನು ನಾನೆಂದೆ.

ಹೊರಗೆ ಬಂದಾಗ ಶ್ರೀಧರ ನನ್ನನ್ನು ತಡೆದು ನಿಲ್ಲಿಸಿದ. "ನನ್ನ ಬಿಟ್ಟು ಬ್ಯಾರೆಯವರನ್ನ ಕರ್ಕೊಂಡು ಹೋಗ್ರಿ ಸರ್. ನನ್ನ ಕಣ್ಣಿನ ಮ್ಯಾಲೆ ನನಗ ನಂಬಿಕಿ ಇಲ್ರಿ."

ಅವನ ಮಾತು ಒಪ್ಪಿಕೊಂಡಿದ್ದರೆ ನನಗೂ ಸಲೀಸಾಗುತ್ತಿತ್ತು. ನಿಜ ಹೇಳಬೇಕೆಂದರೆ ನನಗೂ ಭಯವಿತ್ತು. ಆದರೂ ಹೇಳಿದೆ, "ನಾಳಿ ಮುಂಜಾನಿ ನೀನ ಮುಂದ ಹೋಗಾಂವ. ನಾ ಹಿಂದ ಇರ್ತೇನಿ."

ಮರುದಿನ ಮೊದಲ ಸುತ್ತಿನಲ್ಲಿ ಶ್ರೀಧರ ಡೈವ್ ಅರ್ಧಕ್ಕೇ ಬಿಟ್ಟು, ಗುರಿ ಖಾತ್ರಿಯಾಗಲಿಲ್ಲವೆಂದ. ನಾನು ಮಾತಾಡಲಿಲ್ಲ. ಎರಡನೆಯ ಸುತ್ತಿನಲ್ಲಿ ಅವನ ಬಾಂಬುಗಳು ಪಶ್ಚಿಮದ ಕಣಿವೆಯಲ್ಲಿ ಬಿದ್ದವು. ಒಬ್ಬನನ್ನು ತಡೆಯಲು ನನಗೆ ಅರೆಕ್ಷಣ ಸಾಕಾಗಿತ್ತು. ಅವನನ್ನೇ ಮತ್ತೆ ಮುಂದೆ ಕಳಿಸಿ ಬಾಯಿಮುಚ್ಚಿಕೊಂಡು ಹಿಂದೆ ಹಾರುವುದು, ನನ್ನ ನೌಕರಿಯಲ್ಲೇ ಅತ್ಯಂತ ಕಷ್ಟದ ಕೆಲಸವಾಗಿತ್ತು.