ಕಾರ್ಬೊರೇಟರಿನ ಅಸ್ತರ

ನಿನ್ನೆ ತಾರ್ನಾಕದ ಸಿಗ್ನಲ್ಲಿನಲ್ಲಿ ನನ್ನ ಸ್ಕೂಟರಿನ ಪಕ್ಕಕ್ಕೆ ಹಳೆಯ ಬೈಕೊಂದು ಬಂದು ನಿಂತಿತು. ಅದರ ಜೊತೆಗೇ ಪೆಟ್ರೋಲಿನ ವಾಸನೆಯೂ ಬಂತು. ಬಂಕಿನಲ್ಲಿ ಬರುವಂಥದ್ದಲ್ಲ, ಬಿಸಿ ಎಂಜಿನ್ನಿನ ಮೇಲೆ ತೊಟ್ಟಿಕ್ಕಿ, ಆವಿಯಾಗಿ, ಮೂಗಿನ ಒಳಗೆಲ್ಲೋ ಹೋಗಿ ಕೂರುವಂಥದ್ದು. ನಾನು ಬಗ್ಗಿ ನೋಡಿ, "ಭಾಯ್, ಪೆಟ್ರೋಲ್ ಲೀಕ್ ಹೋರಾ. ಕಾಕ್ ಬಂದ್ ಕರ್‌ಕೇ ಸೈಡ್ ಮೇ ಲೇಲೋ" ಎಂದೆ. ಆತ ಮೊದಲು ನನ್ನ ಸೀರೆಯನ್ನು ನೋಡಿದ, ಆಮೇಲೆ ನರೆತ ಕೂದಲನ್ನು ನೋಡಿದ, ಕೊನೆಗೆ ತನ್ನ ಕಾರ್ಬೊರೇಟರನ್ನು ನೋಡಿದ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವ ಹೆಂಗಸಿಗೆ ಈ ವಿದ್ಯೆ ಎಲ್ಲಿಂದ ಬಂತೆಂದು ನೀವೂ ಕೇಳಬಹುದು. ಮಾವನವರ ದೆಸೆಯಿಂದ ಬಂತು. ಅದೂ ಅವರ ಬಾಯಿ ಬಿದ್ದುಹೋಗಿದ್ದ ದಿನಗಳಲ್ಲಿ.

ನಮ್ಮ ಮಾವನವರು ಕಲಬುರಗಿ ಕಡೆಯವರು. ತೆಲುಗು ಸೀಮೆಗೆ ಬಂದು ನಾಚಾರಂನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದರು. ತೆಲುಗಿನವರು ಬಂದರೆ ತೆಲುಗು, ಹಿಂದಿಯವರು ಬಂದರೆ ಹಿಂದಿ, ನಮ್ಮ ಕಡೆಯ ಗಾರೆ-ಗೌಂಡಿ ಕೆಲಸದವರು ಬಂದರೆ "ಬರ್ರಿ ಬರ್ರಿ, ಯಾವೂರ್ರಿ?" ಟವೆಲ್ ಕೊಳ್ಳಲು ಬಂದವನು ಮಾತಿನ ಮೋಡಿಗೆ ಸಿಕ್ಕಿ ಮದುವೆಯ ಜವಳಿಯನ್ನೇ ಕಟ್ಟಿಸಿಕೊಂಡು ಹೋಗುತ್ತಿದ್ದ. ಇಷ್ಟು ಮಾತಾಡುವ ಮನುಷ್ಯ ನನ್ನೊಡನೆ ಮಾತ್ರ ನೇರವಾಗಿ ಮಾತಾಡಿದ್ದೇ ಇಲ್ಲ. ಸೊಸೆಯನ್ನು ಮಾವ ಮಾತಾಡಿಸುವುದು ಅವರ ಕಾಲದ ರೀತಿಯಲ್ಲ. ಚಹಾ ಬೇಕಾದರೆ ಗೋಡೆಯ ಕ್ಯಾಲೆಂಡರಿನತ್ತ ತಿರುಗಿ, "ಮನ್ಯಾಗ ಚಹಾ ಆಗೈತೇನು?" ಎನ್ನುವರು. ನಾನು ಫ್ರಿಜ್ಜಿಗೆ ಹೇಳುವಂತೆ "ಆಗೈತ್ರಿ" ಎನ್ನುವೆ. ವರ್ಷಗಟ್ಟಲೆ ನಮ್ಮ ಮನೆಯಲ್ಲಿ ಕ್ಯಾಲೆಂಡರಿಗೂ ಫ್ರಿಜ್ಜಿಗೂ ಒಳ್ಳೆಯ ಒಡನಾಟವಿತ್ತು.

ಒಂದು ಮಧ್ಯಾಹ್ನ ಅಂಗಡಿಯ ಗಾದಿಯ ಮೇಲೆ ಕೂತಿದ್ದಾಗಲೇ ಅವರಿಗೆ ಲಕ್ವ ಹೊಡೆಯಿತು. ಕೈಕಾಲು ಬೇಗ ಸುಧಾರಿಸಿದವು. ಮಾತು ಸುಧಾರಿಸಲಿಲ್ಲ. ಪೂರ್ತಿ ಹೋಗಿದ್ದರೆ ಅದೊಂದು ಬಗೆ. ಇಲ್ಲಿ ಹೇಳಬೇಕೆಂದದ್ದು ಒಂದು, ನಾಲಗೆಗೆ ಬರುವುದು ಇನ್ನೊಂದು. ನೀರು ಬೇಕಾದಾಗ "ಲುಂಗಿ" ಎನ್ನುವರು. ತಪ್ಪಾಯಿತೆಂದು ಅವರಿಗೇ ತಿಳಿಯುತ್ತಿತ್ತು, ಸಂಕಟವೆಲ್ಲ ಅಲ್ಲೇ. ನೋಡಲು ಬಂದ ಹಳೆಯ ಗಿರಾಕಿಯೊಬ್ಬರಿಗೆ ಕುರ್ಚಿ ತೋರಿಸಿ, ಬಹಳ ಮರ್ಯಾದೆಯಿಂದ "ಚಡ್ಡಿ" ಎಂದುಬಿಟ್ಟರು. ಬಂದವರಿಗೆ ನಗು ತಡೆಯಲಾಗಲಿಲ್ಲ. ಕೆಟ್ಟ ನಗುವೇನಲ್ಲ, ಆದರೆ ಅಂದಿನಿಂದ ಮಾವನವರು ಬಾಯಿ ಮುಚ್ಚಿಕೊಂಡರು.

ಮಾತು ಕಲಿಸುವ ಡಾಕ್ಟರಮ್ಮ ತೆಲುಗಿನಲ್ಲಿ ನನಗೆ ಬಿಡಿಸಿ ಹೇಳಿದರು. ವಸ್ತುಗಳ ಹೆಸರು ಅದಲುಬದಲಾಗಿಯಾದರೂ ಬರುತ್ತಿವೆ, ಕ್ರಿಯಾಪದ ಒಂದೂ ಬರುತ್ತಿಲ್ಲ. ಪ್ರಯತ್ನ ನಿಲ್ಲಿಸಿದರೆ ಇಷ್ಟೂ ಹೋದೀತು. ಮನೆಗೆ ಮರಳಿದ ಮೇಲೆ ಅತ್ತೆ ಗಂಡನ ಮುಂದೆ ಕೂತು, "ಒಮ್ಮೆ ಬೈರಿ ನನ್ನ. ಬೈಯಾಕರ ಬಾಯಿ ತಗೀರಿ" ಎಂದು ಗೋಗರೆದರು. ಅವರು ತೆಗೆಯಲಿಲ್ಲ.

ಅದೇ ದಿನಗಳಲ್ಲಿ ಮೆಟ್ಟಿಲ ಕೆಳಗೆ ನಿಂತಿದ್ದ ಅವರ ಹಳೆಯ ಬೈಕಿನಿಂದ ಪೆಟ್ರೋಲ್ ಸೋರತೊಡಗಿತು. ಅವರ ಮುದ್ದಿನ ಗಾಡಿ ಅದು. ಬೇರೆಯವರ ಕೈಗೆ ಕೊಡದೆ ತಾವೇ ಬಿಚ್ಚಿ ಜೋಡಿಸುತ್ತಿದ್ದರು. ಕುಷಾಯಿಗೂಡದಲ್ಲಿ ನೌಕರಿ ಮಾಡುವ ನನ್ನ ಗಂಡ, "ಅಪ್ಪ ಇನ್ನ ಓಡಸೂದಿಲ್ಲ. ಅಂಗಡೀನೂ ಬಿಡೂಣು, ಗಾಡೀನೂ ಕೊಟ್ಟಬಿಡೂಣು" ಎಂದ. ಬಾಗಿಲ ಬಳಿ ಕೂತಿದ್ದ ಮಾವನವರು ಅದನ್ನು ಕೇಳಿ ಮೆಲ್ಲಗೆ ಗೋಡೆಯ ಕಡೆ ಮುಖ ತಿರುಗಿಸಿದರು. ಅದನ್ನು ನನ್ನಿಂದ ನೋಡಲಾಗಲಿಲ್ಲ.

ಭಾನುವಾರ ಸೆರಗು ಸಿಕ್ಕಿಸಿ, ಹಳೆಯ ಬನಿಯನ್ನಿನ ಚೂರೊಂದು ಹಿಡಿದು ಬೈಕಿನ ಮುಂದೆ ಕೂತೆ. ಅತ್ತೆ ಅಡುಗೆಮನೆಯ ಕಿಟಕಿ ಮುಚ್ಚಿ, ಒಲೆಯ ಜೊತೆ ದೇವರ ದೀಪವನ್ನೂ ಆರಿಸಿ ಬಂದರು. "ಗಾಡಿ ಜೊತಿ ಮನೀನೂ ಸುಟ್ಟೀ ನೋಡವಾ" ಎಂದರು. ನನ್ನ ಜ್ಞಾನವೆಲ್ಲ ಫೋನಿನಲ್ಲಿ ನೋಡಿದ ಒಂದು ವಿಡಿಯೋ. ಟ್ಯಾಂಕಿನ ಕೆಳಗಿನ ಪುಟ್ಟ ನಲ್ಲಿಯನ್ನು, ಅಂದರೆ ಕಾಕನ್ನು, ಮುಚ್ಚಿದೆ, ತೊಟ್ಟಿಕ್ಕುವುದು ನಿಂತಿತು. ತೆರೆದೆ, ತುಸು ಹೊತ್ತಿನಲ್ಲೇ ಮತ್ತೆ ಶುರುವಾಯಿತು. ಅಂದರೆ ದೋಷ ಟ್ಯಾಂಕಿನದಲ್ಲ, ಕಾರ್ಬೊರೇಟರಿನದು. ಇಷ್ಟಕ್ಕೇ ನಾನು ಹಿಗ್ಗಿಹೋದೆ. ಮುಂದೇನು ಮಾಡಬೇಕೆಂದು ತಿಳಿಯಲಿಲ್ಲ. ಕ್ಯಾಲೆಂಡರು, ಫ್ರಿಜ್ಜು ಯಾವುದೂ ಹತ್ತಿರವಿಲ್ಲ. ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದ ಮಾವನವರನ್ನೇ ನೇರವಾಗಿ ಕೇಳಿದೆ: "ಮಾವಾರ, ಮುಂದ ಏನ್ ಬಿಚ್ಚಬೇಕ್ರಿ?"

ಅತ್ತೆ ಬೆಚ್ಚಿ ನನ್ನನ್ನು ನೋಡಿದರು. ಮಾವನವರ ತುಟಿ ಅಲುಗಿದವು. ಬೆರಳು ಚಾಚಿ, "ಜೇಬು" ಎಂದರು.

ಬೆರಳು ಕಾರ್ಬೊರೇಟರಿನ ತಳದ ಬಟ್ಟಲಿನತ್ತ ಇತ್ತು. ಟ್ಯಾಂಕಿನಿಂದ ಬಂದ ಪೆಟ್ರೋಲ್ ನಿಲ್ಲುವ ಪುಟ್ಟ ಬಟ್ಟಲು ಅದು. ಯೋಚಿಸಿದರೆ ಜೇಬೇ ಸರಿ! ನಾನು ನಗಲಿಲ್ಲ. "ಜೇಬು ಬಿಚ್ಚತೀನ್ರಿ" ಎಂದೆ. ಒಳಗೊಂದು ತೇಲುವ ಬಿಲ್ಲೆ. ಪೆಟ್ರೋಲ್ ತುಂಬಿದಂತೆ ಮೇಲೆದ್ದು ಒಳಬರುವ ದಾರಿಯನ್ನು ಮುಚ್ಚುವಂಥದ್ದು. "ಗುಂಡಿ, ಗುಂಡಿ" ಎಂದರು ಮಾವನವರು. ಅಂಗಿಗೆ ಗುಂಡಿ ಹಾಕಿದ ಹಾಗೆ ದಾರಿ ಮುಚ್ಚಬೇಕಲ್ಲವೇ? ಅಲುಗಾಡಿಸಿ ನೋಡಿದೆ, ತೂತಾಗಿರಲಿಲ್ಲ. ಒರೆಸಿ, ಕಸ ತೆಗೆದು ಜೋಡಿಸಿದೆ. ಮರುದಿನ ಬೆಳಿಗ್ಗೆ ನೆಲ ಮತ್ತೆ ಒದ್ದೆ.

ಸಂಜೆ ಕಾಲೇಜಿನಿಂದ ಬರುವಷ್ಟರಲ್ಲಿ ಅವರು ಮೆಟ್ಟಿಲ ಮೇಲೆ ಕಾಯುತ್ತಿದ್ದರು. "ಗುಂಡಿ!" ಎಂದರು, ಈ ಸಲ ಜೋರಾಗಿ.

"ಗುಂಡಿ ಛಲೋ ಐತ್ರಿ ಮಾವಾರ."

"ಗುಂಡಿ!"

"ನಾ ನೋಡೀನ್ರಿ, ಗುಂಡೀದೇನೂ ತಪ್ಪಿಲ್ರಿ!"

ಮಾವನ ಎದುರು ಸೊಸೆ ವಾದಕ್ಕೆ ನಿಂತದ್ದನ್ನು ಕಂಡು ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ಅದು ಗಾಬರಿಯೋ ನಗುವೋ ಇಂದಿಗೂ ನನಗೆ ಗೊತ್ತಿಲ್ಲ. ನನಗೂ ಹಟ ಬಂತು. ಕಾರ್ಬೊರೇಟರನ್ನು ಚೆನ್ನಾಗಿ ಒರೆಸಿ ಒಣಗಿಸಿ, ನನ್ನ ಮುಖದ ಪೌಡರನ್ನು ಅದರ ಸುತ್ತ ಉದುರಿಸಿದೆ. ಮದುಮಗಳಂತೆ ಬೆಳ್ಳಗೆ ಕಂಗೊಳಿಸಿತು. ಕಾಕ್ ತೆರೆದು ಕಾದೆವು. ಸ್ವಲ್ಪ ಹೊತ್ತಿಗೆ ಪೌಡರಿನ ನಡುವೆ ಒಂದು ಕಪ್ಪು ಒದ್ದೆಗೆರೆ ಮೂಡಿತು. ಬಟ್ಟಲು ಕಾರ್ಬೊರೇಟರಿನ ಮೈಗೆ ಕೂಡುವ ಜೋಡಣೆಯಿಂದ ಹೊರಟು ಕೆಳಗಿಳಿಯುತ್ತಿತ್ತು. ಆ ಜೋಡಣೆಯ ನಡುವೆ ಒಂದು ರಬ್ಬರಿನ ಉಂಗುರವಿರುತ್ತದೆ. ಬಿಚ್ಚಿ ತೆಗೆದರೆ ಒಣಗಿ, ಬಿರುಕುಬಿಟ್ಟು, ಹಪ್ಪಳದಂತಾಗಿತ್ತು.

ಅಂಗೈಯಲ್ಲಿ ಹಿಡಿದು ತೋರಿಸಿದೆ. ಮಾವನವರು ಕನ್ನಡಕ ಸರಿಪಡಿಸಿಕೊಂಡು ಬಗ್ಗಿದರು. ಬೆರಳಿಂದ ಸವರಿದರು. ಕತ್ತಿನ ನರ ಉಬ್ಬಿತು.

"ಅಸ್ತರ," ಎಂದರು. ಕೋಟಿನ ಒಳಮೈಗೆ ಹೊಲಿಯುವ ಬಟ್ಟೆ ಅದು. ಆಮೇಲೆ, ಯಾವುದೋ ಆಳದಿಂದ ಜಗ್ಗಿ ತೆಗೆದಂತೆ, "ಅಸ್ತರ... ಹೋಗೈತಿ."

ಹೋಗೈತಿ! ನಾನು ಮೇಷ್ಟರಗಿತ್ತಿ, ಕ್ರಿಯಾಪದ ಕಂಡು ಕಣ್ಣು ತುಂಬಿಬಂದದ್ದು ಜೀವನದಲ್ಲಿ ಅದೊಂದೇ ಸಲ. ಅತ್ತೆ ಅಲ್ಲೇ ಮೆಟ್ಟಿಲ ಮೇಲೆ ಕುಸಿದು, ಅಳುತ್ತ ನಗುತ್ತ, "ಇಷ್ಟ ದಿವಸಕ್ಕ ಬಾಯಿ ಬಿಟ್ರು, ಅದೂ ಗಾಡಿ ಸಲುವಾಗಿ!" ಎಂದರು. ಮಾವನವರು ಅವರತ್ತ ತಿರುಗಿ, "ಗುಂಡಿ... ಅಲ್ಲ" ಎಂದು ತಮ್ಮ ಸೋಲನ್ನೂ ಒಪ್ಪಿಕೊಂಡರು.

ಹೊಸ ಉಂಗುರ ಹಾಕಿದೆವು, ಸೋರಿಕೆ ನಿಂತಿತು. ಮಾವನವರ ಮಾತು ಹಳೆಯ ರಭಸಕ್ಕೆ ಮರಳಲಿಲ್ಲ. ಆದರೆ ತೊಟ್ಟು ತೊಟ್ಟಾಗಿ ಬಂತು. ಅಂಗಡಿ ಬಿಡುವ ಮಾತನ್ನು ನನ್ನ ಗಂಡ ಮತ್ತೆ ಎತ್ತಲಿಲ್ಲ. ಗಿರಾಕಿಗಳು ಒಂದಕ್ಕೆರಡು ಸಲ ಕೇಳಿ ತಿಳಿದುಕೊಳ್ಳುತ್ತಾರೆ, ಅಷ್ಟೆ. ವಾರಕ್ಕೊಮ್ಮೆ ಅವರು ಡಾಕ್ಟರಮ್ಮನ ಬಳಿಗೂ ಹೋಗುತ್ತಾರೆ. ಈಗ ಕಲಿಯುವುದಕ್ಕಿಂತ ಹೆಚ್ಚಾಗಿ, ಹೊಸದಾಗಿ ಬಂದವರ ಜೊತೆ ಕೂರುವುದಕ್ಕೆ.

ಇವತ್ತು ಅಲ್ಲಿಗೆ ಯಾದಗಿರಿ ಕಡೆಯ ಗೌಂಡಿಯೊಬ್ಬ ಬಂದಿದ್ದ, ಜೊತೆಗೆ ಹೆಂಡತಿ. "ಭಾಳ ದಿನಾ ಆತ್ರಿ ಅಕ್ಕಾರ, ತುಟಿ ಪಿಟಕ್ ಅಂದಿಲ್ರಿ" ಎಂದಳು ನನಗೆ. ಮಾವನವರು ಕುರ್ಚಿ ಎಳೆದುಕೊಂಡು ಅವನ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತರು. "ನಾನೂ... ಹಿಂಗಽ ಇದ್ದೆ. ತಪ್ಪಾದ್ರೂ... ಆಡು" ಎಂದರು. ಆತ ಬಹಳ ಹೊತ್ತು ಒದ್ದಾಡಿದ. ಹಣೆಯಲ್ಲಿ ಬೆವರು ಬಂತು. ಕೊನೆಗೆ "ಎತ್ತು" ಎಂದ.

ಹೆಂಡತಿ ತಬ್ಬಿಬ್ಬಾಗಿ, "ನಮ್ಮ ಮನ್ಯಾಗ ಎತ್ತು ಎಲ್ಲೈತ್ರಿ?" ಎಂದಳು.

ಮಾವನವರು ಅವಳಿಗೆ ಸುಮ್ಮನಿರುವಂತೆ ಕೈಮಾಡಿ, ಅವನತ್ತ ಇನ್ನಷ್ಟು ಬಾಗಿದರು.

"ಹೂಂ," ಎಂದರು. "ಯಾವ ಬಣ್ಣದ್ದು?"

ಆತ ಯೋಚಿಸಿ, ಮತ್ತೆ ಬಾಯಿ ತೆರೆದ.