ಹಲೋ ಮಾವನ ಕಿವಿ

ಹಲೋ ಮಾವನಷ್ಟು ಭಾಷಣ ಕೇಳಿದವರು ನಮ್ಮ ಬೀದಿಯಲ್ಲಿ ಇನ್ನೊಬ್ಬರಿಲ್ಲ. ಅವರಷ್ಟು ಕಡಿಮೆ ತಲೆಗೆ ಹಾಕಿಕೊಂಡವರೂ ಇಲ್ಲ. ಮೂವತ್ತೆರಡು ವರ್ಷದಿಂದ ಮೈಕ್‌ಸೆಟ್ ಬಾಡಿಗೆಗೆ ಕೊಡುವುದು ಅವರ ಕಸುಬು. ಸಭೆ ಎಲ್ಲೇ ಇರಲಿ, ಎಲ್ಲರಿಗಿಂತ ಮೊದಲು ಹೋಗಿ ವೇದಿಕೆ ಹತ್ತಿ ‘ಹಲೋ, ಹಲೋ, ಮೈಕ್ ಟೆಸ್ಟಿಂಗ್’ ಎನ್ನುವ ಮನುಷ್ಯ ಅವರೇ. ಆಮೇಲೆ ಹಿಂದಿನ ಮೂಲೆಯಲ್ಲಿ ಸದ್ದು ಏರಿಸಿ ಇಳಿಸುವ ಮಿಕ್ಸರ್ ಮುಂದೆ ಕೂತರೆಂದರೆ ಅವರ ಕಿವಿಗೆ ಬೀಳುವುದು ಸದ್ದು ಮಾತ್ರ, ಮಾತಲ್ಲ. “ನಿನ್ನೆ ಭಾಷಣ ಹೇಗಿತ್ತು ಮಾವ?” ಎಂದು ಯಾರಾದರೂ ಕೇಳಿದರೆ, “ಸ್ವಲ್ಪ ಮೂಗಲ್ಲಿ ಬರ್ತಿತ್ತು, ಬೇಸ್ ಏರಿಸಿ ಸರಿಮಾಡ್ದೆ” ಎನ್ನುತ್ತಾರೆ. ಒಂದು ಚುನಾವಣೆಯಲ್ಲಿ ಬೆಳಿಗ್ಗೆ ಒಂದು ಪಕ್ಷಕ್ಕೂ ಸಂಜೆ ಅದರ ಎದುರಾಳಿಗೂ ಮೈಕ್ ಹಾಕಿ, ಅವರಿಬ್ಬರೂ ಒಂದೇ ಪಕ್ಷದವರೆಂದು ಇವತ್ತಿಗೂ ನಂಬಿಕೊಂಡಿದ್ದಾರೆ.

ಇಂಥ ಮನುಷ್ಯನನ್ನು ಯಾರೂ ಬಲೆಗೆ ಹಾಕಿಕೊಳ್ಳಲಾರರು. ಬಲೆಗೆ ಬಿದ್ದದ್ದು ಅವರ ಹೆಂಡತಿ. ಆಕೆ ನಮ್ಮ ಬೀದಿಗೆಲ್ಲ ಅತ್ತೆ. ಗಂಡನಿಗಿಂತ ಹತ್ತು ಪಾಲು ಚುರುಕು. ತರಕಾರಿಯವನು ತಕ್ಕಡಿ ಎತ್ತುವ ಮೊದಲೇ ಅವನ ಹೆಬ್ಬೆರಳು ಎಲ್ಲಿದೆ ಎಂದು ನೋಡುವ ಹೆಂಗಸು. ಇಷ್ಟು ಚುರುಕಿನವರು ಹೇಗೆ ಬಿದ್ದರು ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಪೆದ್ದರನ್ನು ಕಟ್ಟಿಕೊಂಡು ಬಲೆ ಬೀಸುವವನು ಏನು ಮಾಡಿಯಾನು? ಅವನಿಗೂ ಕೆಲಸ ಬಲ್ಲವರೇ ಬೇಕು.

ಫರ್ನಿಚರ್ ಅಂಗಡಿಯ ಮೇಲಿನ ಹಾಲಿನಲ್ಲಿ ‘ಬೆಳಕಿನ ಕುಟುಂಬ’ ಎಂಬವರು ಪ್ರತಿ ಭಾನುವಾರ ಸೇರುತ್ತಿದ್ದರು. ಎಂಬತ್ತು ಜನ, ಎಲ್ಲರದ್ದೂ ಬಿಳಿ ಅಂಗಿ, ನಡುವೆ ಹಿರಿಯಣ್ಣ ಎನ್ನಿಸಿಕೊಳ್ಳುವ ಅರವತ್ತರ ನುಣುಪು ಮುಖದ ಮನುಷ್ಯ. ಮೈಕ್‌ಸೆಟ್ ನಮ್ಮ ಮಾವನದ್ದು. ಹಿರಿಯಣ್ಣನ ಧ್ವನಿಗೆ ಮಾತ್ರ ಎಕೋ ಹಾಕಬೇಕು, ಉಳಿದವರಿಗೆ ಬೇಡ ಎಂದು ಮೊದಲ ದಿನವೇ ಅಪ್ಪಣೆಯಾಗಿತ್ತು. ಇನ್ನೂ ಒಂದು ಅಪ್ಪಣೆಯಿತ್ತು: ಯಾರಾದರೂ ಮೈಕ್ ಹಿಡಿದು ದಾರಿ ತಪ್ಪಿ ಮಾತಾಡತೊಡಗಿದರೆ ಹಿರಿಯಣ್ಣ ಕಿವಿ ಮುಟ್ಟಿಕೊಳ್ಳುತ್ತಾರೆ, ಆಗ ಮೈಕ್ ಬಂದ್ ಮಾಡಬೇಕು, ಆಮೇಲೆ ‘ವೈರ್ ಲೂಸ್ ಆಗಿತ್ತು’ ಎನ್ನಬೇಕು. ಮಾವ ಹಾಗೆ ಮೂರು ಸಲ ಮಾಡಿದ್ದರು. ತಮ್ಮ ವೈರಿನ ಮರ್ಯಾದೆ ಹೋಗುತ್ತಿದೆಯಲ್ಲ ಎಂದು ಬೇಜಾರಾಯಿತೇ ಹೊರತು, ಯಾರ ಬಾಯಿಗೆ ಬೀಗ ಹಾಕುತ್ತಿದ್ದೇನೆ ಎಂಬುದು ಅವರ ತಲೆಗೇ ಹೊಳೆಯಲಿಲ್ಲ.

ಒಂದು ಭಾನುವಾರ ಮಾವನ ಸೊಂಟ ಹಿಡಿದುಕೊಂಡಿತು. ಸ್ಪೀಕರ್ ಬಾಕ್ಸ್ ಎತ್ತಲು ಅತ್ತೆ ಜೊತೆಗೆ ಹೋದರು. ಅಷ್ಟೇ ಆಗಿದ್ದು. ವೈರ್ ಸುತ್ತುತ್ತಿದ್ದ ಅತ್ತೆಯನ್ನು ಇಪ್ಪತ್ತು ಬಿಳಿ ಅಂಗಿಗಳು ಮುತ್ತಿಕೊಂಡವು. ಎಷ್ಟು ಚೆನ್ನಾಗಿ ಸುತ್ತುತ್ತೀರಮ್ಮಾ ಎಂದರು ಒಬ್ಬರು. ಊಟ ಆಯ್ತಾ, ಕೈ ನೋಯಲಿಲ್ಲವಾ ಎಂದರು ಇನ್ನೊಬ್ಬರು. ನಿಮ್ಮನ್ನು ನೋಡಿದರೆ ಎಷ್ಟೋ ವರ್ಷದಿಂದ ಗೊತ್ತಿದ್ದ ಹಾಗಿದೆ ಎಂದು ಮೂರನೆಯವರು ಕಣ್ಣೀರನ್ನೇ ಹಾಕಿದರು. ಮನೆಗೆ ಬಂದ ಅತ್ತೆಯ ಮುಖ ಅರಳಿತ್ತು. “ಒಳ್ಳೆ ಜನ ಕಣ್ರೀ” ಎಂದರು. ಮಾವ “ಹೂಂ, ಆ ಎಡಗಡೆ ಬಾಕ್ಸ್ ಯಾಕೋ ಗೊರಗೊರ ಅಂತಿದೆ” ಎಂದರು.

ಮೂರು ತಿಂಗಳಲ್ಲಿ ಮನೆಯ ಭಾಷೆಯೇ ಬದಲಾಯಿತು. ಅನುಮಾನಕ್ಕೆ ಅಲ್ಲಿ ‘ಧೂಳು’ ಎಂದು ಹೆಸರು. ಪ್ರಶ್ನೆ ಕೇಳಿದರೆ ಧೂಳು, ಸುಸ್ತಾದರೆ ಧೂಳು, ತವರಿನ ನೆನಪು ಬಂದರೆ ದಪ್ಪ ಧೂಳು. ಕುಟುಂಬದಲ್ಲಿಲ್ಲದವರೆಲ್ಲ ‘ಹೊರಗಿನವರು’. ಅತ್ತೆ ಬೆಳಗಿನ ಜಾವ ಮೂರೂವರೆಗೆ ಎದ್ದು ಕೂರತೊಡಗಿದರು, ಒಂದೇ ಹೊತ್ತು ಉಣ್ಣತೊಡಗಿದರು, ಟಿವಿ ಬಿಟ್ಟರು, ಪಕ್ಕದ ಮನೆಯವರ ಜೊತೆ ಮಾತು ಬಿಟ್ಟರು. ವಾರಕ್ಕೊಮ್ಮೆ ಮೈಕಿನ ಮುಂದೆ ನಿಂತು ತಪ್ಪೊಪ್ಪಿಕೊಳ್ಳಬೇಕು. ಅತ್ತೆಯ ತಪ್ಪುಗಳು ಎರಡೇ ವಾರಕ್ಕೆ ಮುಗಿದುಹೋದ್ದರಿಂದ ಅವರು ಗಂಡನ ತಪ್ಪುಗಳಿಗೆ ಕೈ ಹಾಕಿದರು. ಮಾವನಿಗೆ ಹಲ್ಲಿ ಕಂಡರೆ ಭಯ, ಸ್ನಾನದ ಮನೆಗೆ ಹೋಗುವ ಮೊದಲು ಹೆಂಡತಿಯನ್ನು ಕಳಿಸಿ ಗೋಡೆ ನೋಡಿಸುತ್ತಾರೆ ಎಂಬ ಸುದ್ದಿಯನ್ನು ಎಂಬತ್ತು ಜನ ಕೇಳಿಸಿಕೊಂಡರು. ಅದನ್ನು ಸ್ಪಷ್ಟವಾಗಿ ಕೇಳಿಸಿದ್ದು ಮಾವನದೇ ಮೈಕು. ಆವತ್ತು ಮೊದಲ ಸಲ ಮಾವನ ಕಿವಿಗೆ ಸದ್ದಿನ ಬದಲು ಮಾತು ಬಿತ್ತು.

ಮಾವ ಬಾಯಿ ಮಾಡಿದರು. ಅತ್ತೆ ಶಾಂತವಾಗಿ, “ನೀವು ಹೀಗೆ ಕೂಗಾಡ್ತೀರ ಅಂತ ಹಿರಿಯಣ್ಣ ಮೊದಲೇ ಹೇಳಿದ್ರು” ಎಂದರು. ಮಾವ ಸುಮ್ಮನಾದರು. “ಆಮೇಲೆ ಸುಮ್ಮನಾಗ್ತೀರ ಅಂತಾನೂ ಹೇಳಿದ್ರು.” ಇದಕ್ಕೆ ಏನು ಮಾಡಬೇಕು ಹೇಳಿ!

ಅತ್ತೆಯ ತಮ್ಮ, ಎಂದರೆ ಮಾವನ ಭಾವಮೈದ, ಶಾಲೆಯ ಮೇಷ್ಟ್ರು. ಅವನು ಎಲ್ಲಿಂದಲೋ ‘ಮನಸ್ಸನ್ನು ಹಿಡಿದಿಡುವ ಗುಂಪಿನ ಹದಿನೈದು ಲಕ್ಷಣಗಳು’ ಎಂಬ ಹಾಳೆ ತಂದು, ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ, ಪಾಠ ಮಾಡಿದ ಹಾಗೆ ಒಂದೊಂದನ್ನೇ ಓದಿ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ. ನಾಯಕನನ್ನು ಪ್ರಶ್ನಿಸುವಂತಿಲ್ಲ, ಹೌದು. ನಿದ್ದೆ, ಊಟ ಕಡಿಮೆ, ಹೌದು. ಮನೆಯವರಿಂದ ದೂರ, ಹೌದು. ಹದಿನೈದಕ್ಕೆ ಹದಿಮೂರು ಬಂತು. ಅತ್ತೆ ಹಾಳೆಯನ್ನು ಮಡಿಸಿ ತೆಗೆದುಕೊಂಡು ಹೋಗಿ ಹಿರಿಯಣ್ಣನಿಗೆ ಕೊಟ್ಟರು. ಭಾನುವಾರ ಹಿರಿಯಣ್ಣ ಅದನ್ನು ಎಕೋ ಸಮೇತ ಓದಿದರು, ಇಡೀ ಸಭೆಯೇ ಬಿದ್ದು ಬಿದ್ದು ನಕ್ಕಿತು. “ಹದಿಮೂರಾ? ಇನ್ನೆರಡು ಯಾಕೆ ಬಿಟ್ಟಿರಿ ಮೇಷ್ಟ್ರೇ?” ಎಂದರು. ಭಾವಮೈದ ಒಂದು ವಾರ ಮಾವನ ಮನೆ ಕಡೆ ತಲೆ ಹಾಕಲಿಲ್ಲ.

ಆಮೇಲೆ ಬಂತು ಒಳಮನೆಯ ಮಾತು. ಕುಟುಂಬಕ್ಕೆ ಊರಾಚೆ ಒಂದು ದೊಡ್ಡ ಮನೆಯಿತ್ತು. ಅಲ್ಲಿಗೆ ಸೇರಿದವರು ಒಂದು ವರ್ಷ ಹೊರಗೆ ಬರುವಂತಿಲ್ಲ, ಫೋನಿಲ್ಲ, ಪತ್ರವಿಲ್ಲ. ಬರುವ ಭಾನುವಾರ ಅತ್ತೆಯ ಸರದಿ ಎಂದು ಹಿರಿಯಣ್ಣ ಸಾರಿದರು. ವರ್ಷ ಕಳೆದ ಮೇಲೆ ಒಳಮನೆಯಿಂದ ಮನೆಗೆ ಮರಳಿದವರನ್ನು ಮಾವ ಒಬ್ಬರನ್ನೂ ನೋಡಿರಲಿಲ್ಲ. ಅತ್ತೆ ಆಗಲೇ ತಮ್ಮ ಬಣ್ಣದ ಸೀರೆಗಳನ್ನೆಲ್ಲ ಹಂಚಿ, ಯಾವ ಡಬ್ಬಿಯಲ್ಲಿ ಉಪ್ಪಿದೆ, ಯಾವುದರಲ್ಲಿ ಸಕ್ಕರೆಯಿದೆ ಎಂದು ಗಂಡನಿಗಾಗಿ ಚೀಟಿ ಅಂಟಿಸತೊಡಗಿದ್ದರು.

ಆ ಚೀಟಿಗಳನ್ನು ನೋಡುತ್ತ ಅಡುಗೆಮನೆಯಲ್ಲಿ ನಿಂತಾಗ ಮಾವನಿಗೆ ತಮ್ಮ ಕಸುಬಿನ ಬುದ್ಧಿಯೇ ಕೈ ಹಿಡಿಯಿತು. ಮೈಕನ್ನು ಬಾಕ್ಸಿನ ಎದುರಿಗೆ ಇಟ್ಟರೆ ಅದು ಕಿರುಚುತ್ತದೆ. ಬಾಕ್ಸಿನಿಂದ ಬಂದದ್ದನ್ನೇ ಮೈಕು ಕೇಳುತ್ತದೆ, ಕೇಳಿದ್ದನ್ನೇ ಬಾಕ್ಸಿಗೆ ಕೊಡುತ್ತದೆ, ಸುತ್ತಿ ಸುತ್ತಿ ಅದೇ ಸದ್ದು ದೊಡ್ಡದಾಗುತ್ತ ಹೋಗುತ್ತದೆ. ಆಗ ನಾವೂ ಕೂಗಿದರೆ ಉಪಯೋಗವಿಲ್ಲ. ಮೈಕನ್ನು ಎತ್ತಿ ಬೇರೆ ಕಡೆ ಇಡಬೇಕು.

“ಲೇ, ದೂರದ ಊರಲ್ಲಿ ಮೂರು ದಿನದ ಕೆಲಸ ಒಪ್ಕೊಂಡಿದೀನಿ. ಸೊಂಟ ಬೇರೆ ಹೀಗಿದೆ. ಇದೊಂದು ಸಲ ಬಾ” ಎಂದರು. ಒಪ್ಪಿಕೊಂಡ ಕೆಲಸ ತಪ್ಪಿಸಿದರೆ ಮರ್ಯಾದೆ ಹೋಗುತ್ತದೆ ಎಂಬುದು ಅತ್ತೆಗೂ ಗೊತ್ತು. ಹಿರಿಯಣ್ಣನನ್ನು ಕೇಳಿದರು. ಮಾವ ಮುನಿದರೆ ಭಾನುವಾರಕ್ಕೆ ಮೈಕ್ ತಪ್ಪೀತೆಂದು ಹಿರಿಯಣ್ಣ ಹೂಂ ಎಂದರು. ಮಾವ ಮುಂದಿನದ್ದನ್ನೆಲ್ಲ ಮೊದಲೇ ಲೆಕ್ಕ ಹಾಕಿದ್ದರು ಎಂದು ಭಾವಮೈದ ಈಗ ಹೇಳಿಕೊಂಡು ತಿರುಗುತ್ತಾನೆ. ಸುಳ್ಳು. ಅದು ಎಂಥ ಸಭೆ ಎಂದು ಮಾವ ಫೋನಿನಲ್ಲಿ ಕೇಳಿಯೇ ಇರಲಿಲ್ಲ. ಹಾಲ್ ಎಷ್ಟು ದೊಡ್ಡದು ಎಂದಷ್ಟೇ ಕೇಳಿದ್ದರು.

ಹೋಗಿ ನೋಡಿದರೆ ಅದು ‘ನದಿಯ ಬಳಗ’ ಎಂಬವರ ಸಭೆ. ಎಲ್ಲರದ್ದೂ ನೀಲಿ ಅಂಗಿ. ನಡುವೆ ದೊಡ್ಡಮ್ಮ ಎನ್ನಿಸಿಕೊಳ್ಳುವ ಗಟ್ಟಿಮುಟ್ಟಾದ ಹೆಂಗಸು. ಆಕೆಯ ಧ್ವನಿಗೆ ಮಾತ್ರ ಎಕೋ.

ಮೊದಲ ದಿನ ಅತ್ತೆ ಲಾಡ್ಜಿನ ಕೋಣೆಯಲ್ಲಿ ಹನ್ನೊಂದು ಗಂಟೆ ನಿದ್ದೆ ಹೊಡೆದರು. ಎದ್ದು ಎರಡು ಹೊತ್ತು ಹೊಟ್ಟೆ ತುಂಬ ಉಂಡರು. ಎರಡನೆಯ ದಿನ ಮಿಕ್ಸರಿನ ಪಕ್ಕ ಕೂತು ಸಭೆ ನೋಡತೊಡಗಿದಾಗ ಅವರ ಹಳೆಯ ಕಣ್ಣು, ತರಕಾರಿಯವನ ಹೆಬ್ಬೆರಳು ನೋಡುವ ಕಣ್ಣು, ಮೆಲ್ಲಗೆ ತೆರೆಯಿತು.

“ರೀ, ನೋಡಿದ್ರಾ?” ಎಂದು ಪಿಸುಗುಟ್ಟಿದರು. “ಆ ಹುಡುಗಿ ನೀರು ಕುಡಿಯೋಕೂ ಮೊದಲು ಆ ಹೆಂಗಸಿನ ಮುಖ ನೋಡ್ತಾಳೆ.”

“ಹೂಂ” ಎಂದರು ಮಾವ.

“ಅನುಮಾನ ಬಂದ್ರೆ ಅದು ಕೆಸರಂತೆ. ಕೇಳಿದವನೇ ಕೊಳಕಾದ್ರೆ ಇನ್ಯಾರು ಕೇಳ್ತಾರೆ? ಚೆನ್ನಾಗಿದೆ ಉಪಾಯ!”

“ಹೂಂ.”

“ಹೊಸಬರು ಬಂದ್ರೆ ಸಾಕು, ಹೇಗೆ ಮುತ್ಕೊಂಡು ಹೊಗಳ್ತಾರೆ ನೋಡಿ. ಅಪ್ಪ ಅಮ್ಮಂಗೆ ಫೋನ್ ಮಾಡಬಾರದಂತೆ, ದೇವರಿಗೆ ಸಿಟ್ಟು ಬರುತ್ತಂತೆ. ಫೋನ್ ಮಾಡಿದ್ರೆ ಸಿಟ್ಟಾಗೋಕೆ ಅದೆಂಥ ದೇವರು ರೀ? ಪಾಪ, ಎಲ್ಲ ಓದಿದವರ ಥರ ಕಾಣ್ತಾರೆ. ಇಷ್ಟೂ ಗೊತ್ತಾಗಲ್ವಾ ಇವರಿಗೆ?”

ಮಾವ ಹೆಗಲ ಮೇಲಿನ ಟವೆಲನ್ನು ಬಾಯಿಗೆ ಒತ್ತಿಕೊಂಡು ಜೋರಾಗಿ ಕೆಮ್ಮಿದರು. ಬಾಯಿ ತುದಿಗೆ ಬಂದ ಮಾತನ್ನು ನುಂಗುವುದು ಇಷ್ಟು ಕಷ್ಟ ಎಂದು ಅವರಿಗೆ ಗೊತ್ತೇ ಇರಲಿಲ್ಲ. ಈಗ ಒಂದು ಮಾತು ಆಡಿದರೂ ಮೈಕು ಮತ್ತೆ ಕಿರುಚುತ್ತದೆ. ಭಾವಮೈದ ಹದಿಮೂರು ಗುರುತು ಹಾಕಿದ್ದ. ಅತ್ತೆ ಸಂಜೆಯೊಳಗೆ ಇಪ್ಪತ್ತು ದಾಟಿದರು.

ಮೂರನೆಯ ದಿನ ಐವತ್ತರ ಒಬ್ಬ ಹೆಂಗಸು ಮೈಕಿಗೆ ಬಂದು ಅಳುತ್ತ ಹೇಳಿದಳು: “ಇಷ್ಟು ವರ್ಷ ಮನೆಯವರಿಗೆ ಮಾಡಿ ಮಾಡಿ ಹಾಕಿದೆ. ಒಬ್ಬರೂ ನನ್ನ ಮುಖ ನೋಡಲಿಲ್ಲ. ಇಲ್ಲಿ ನನ್ನನ್ನ ನೋಡಿದ್ರು.” ಅತ್ತೆ ಸುತ್ತುತ್ತಿದ್ದ ವೈರನ್ನು ಕೆಳಗಿಟ್ಟರು. ಫರ್ನಿಚರ್ ಅಂಗಡಿಯ ಮೇಲಿನ ಹಾಲಿನಲ್ಲಿ ಮೊದಲ ಸಲ ಮೈಕ್ ಹಿಡಿದಾಗ ಅವರು ಹೇಳಿದ್ದೂ ಹೆಚ್ಚುಕಡಿಮೆ ಇದೇ. ಆವತ್ತು ಮಾವ ಧ್ವನಿ ಸಣ್ಣಗಿದೆ ಎಂದು ಸದ್ದು ಏರಿಸುವುದರಲ್ಲಿದ್ದರು.

ವಾಪಸು ಬರುವಾಗ, ಊರು ಹತ್ತಿರ ಬಂದ ಮೇಲೆ ಅತ್ತೆ ಕಿಟಕಿಯ ಕಡೆ ನೋಡುತ್ತಲೇ ಕೇಳಿದರು: “ಆ ದೊಡ್ಡಮ್ಮನ ಧ್ವನಿಗೆ ಎಕೋ ಹಾಕಿ ಅಂತ ಅವರೇ ಹೇಳಿದ್ರಾ?”

“ಎಲ್ಲರೂ ಹೇಳ್ತಾರೆ ಕಣೇ.”

ಭಾನುವಾರ ಬಂತು. ಅತ್ತೆ ಬಿಳಿ ಸೀರೆಯುಟ್ಟು ಚೀಲ ಹಿಡಿದು ಹಾಲಿಗೆ ಹೋದರು. ಹೆಂಡತಿಯ ಮನಸ್ಸಿನಲ್ಲಿ ಏನಿದೆ ಎಂದು ಮಾವನಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ. ಹಿರಿಯಣ್ಣ ಕೈ ಚಾಚಿ ಕರೆದರು. ಬೀಳ್ಕೊಡುವ ಎರಡು ಮಾತು ಆಡಲೆಂದು ಪಕ್ಕದ ಇನ್ನೊಂದು ಮೈಕ್ ಕೊಟ್ಟರು. ಅತ್ತೆ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ನಾನು ಹೋಗ್ತೀನಿ. ಹೋಗೋ ಮೊದಲು ಒಂದು ಮಾತು. ಆರು ತಿಂಗಳಾದ ಮೇಲೆ ನನಗೆ ಅಲ್ಲಿ ಸರಿಬರಲಿಲ್ಲ ಅಂದ್ರೆ, ನಾನು ಮನೆಗೆ ವಾಪಸ್ ಬರಬಹುದಾ?”

ಹಿರಿಯಣ್ಣ ನಗುತ್ತಲೇ ಕಿವಿ ಮುಟ್ಟಿಕೊಂಡರು.

ಮೂವತ್ತೆರಡು ವರ್ಷ ವೇದಿಕೆಯ ಕೈಸನ್ನೆಗೆ ಕುಣಿದ ಬೆರಳು ಮಾವನದ್ದು. ಅದು ತಾನಾಗಿಯೇ ಸ್ವಿಚ್ಚಿನ ತನಕ ಹೋಯಿತು. ಬೆರಳು ಅಲ್ಲಿಂದ ಸರಿದು ಹಿರಿಯಣ್ಣನ ಎಕೋ ತೆಗೆದುಹಾಕಿತು.

“ಮೈಕ್ ಕೆಟ್ಟಿರಬೇಕು” ಎಂದರು ಹಿರಿಯಣ್ಣ ತಮ್ಮ ಮೈಕಿನಲ್ಲಿ. ಎಕೋ ಇಲ್ಲದ ಆ ಧ್ವನಿ ನೆಗಡಿಯಾದ ಗುಮಾಸ್ತನ ಧ್ವನಿಯ ಹಾಗಿತ್ತು.

ಮಾವ ಎದ್ದು ನಿಂತರು. “ನನ್ನ ಮೈಕ್ ಸರಿಯಾಗೇ ಇದೆ ಸ್ವಾಮಿ! ವೈರೂ ಸರಿಯಾಗೇ ಇದೆ! ಅವಳು ಕೇಳಿದ್ದು ಎಲ್ಲರಿಗೂ ಕೇಳಿಸಿದೆ. ಉತ್ತರ ಹೇಳಿ.”

“ಇದು ಧೂಳು” ಎಂದರು ಹಿರಿಯಣ್ಣ.

“ಹೌದು ಅಥವಾ ಇಲ್ಲ ಅಂತ ಹೇಳಿ ಅಣ್ಣ” ಎಂದರು ಅತ್ತೆ. ಹಿರಿಯಣ್ಣ ಎರಡನ್ನೂ ಹೇಳಲಿಲ್ಲ. ಎಂಬತ್ತು ಜನ ತಲೆ ತಗ್ಗಿಸಿ ತಮ್ಮ ತಮ್ಮ ಮೊಣಕಾಲು ನೋಡುತ್ತಿದ್ದರು. ಅತ್ತೆ ಮೈಕನ್ನು ಮೇಜಿನ ಮೇಲಿಟ್ಟು, ಚೀಲ ಎತ್ತಿಕೊಂಡು ಬಾಗಿಲ ಕಡೆ ನಡೆದರು. ಯಾರೂ ತಡೆಯಲಿಲ್ಲ, ಯಾರೂ ಜೊತೆಗೆ ಏಳಲೂ ಇಲ್ಲ. ಮಾವ ಜೀವಮಾನದಲ್ಲಿ ಮೊದಲ ಸಲ ಬಾಕ್ಸು, ಮಿಕ್ಸರು ಎಲ್ಲವನ್ನೂ ಅಲ್ಲೇ ಬಿಟ್ಟು ಹಿಂದೆಯೇ ಓಡಿದರು.

ಅತ್ತೆ ಫರ್ನಿಚರ್ ಅಂಗಡಿಯ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದರು. ಮಾವನಿಗೆ ಗೆದ್ದ ಹುಮ್ಮಸ್ಸು. “ನಾನು ಎಷ್ಟು ಸಲ ಬಡ್ಕೊಂಡೆ...” ಎಂದು ಶುರು ಮಾಡಿದರು.

ಅತ್ತೆ ತಲೆಯೆತ್ತಿದರು. “ಅವರದ್ದು ನಾಟಕ ಅಂತ ಗೊತ್ತಾಯ್ತು ಬಿಡಿ. ಆದ್ರೆ ಅಲ್ಲಿ ದಿನಾ ಒಬ್ಬರಾದ್ರೂ ‘ಹೇಗಿದೀಯಮ್ಮಾ’ ಅಂತ ಕೇಳ್ತಿದ್ರು. ಸುಳ್ಳಿಗಾದ್ರೂ ಕೇಳ್ತಿದ್ರು ಕಣ್ರೀ. ಈ ಮೂವತ್ತು ವರ್ಷದಲ್ಲಿ ನೀವು ಎಷ್ಟು ಸಲ ಕೇಳಿದೀರಿ?”

ಮಾವ ನೆನಪು ಮಾಡಿಕೊಂಡರು. ಮೈಕು ಹೇಗಿದೆ ಎಂದು ಕೇಳಿದ್ದು ನೆನಪಿತ್ತು, ಎಡಗಡೆ ಬಾಕ್ಸು ಹೇಗಿದೆ ಎಂದು ಕೇಳಿದ್ದೂ ನೆನಪಿತ್ತು. ಹಿಡಿದುಕೊಂಡ ಸೊಂಟಕ್ಕೆ ಕೈಕೊಟ್ಟು, ಮುಲುಗುತ್ತ, ಹೆಂಡತಿಯ ಪಕ್ಕದಲ್ಲಿ ಕೂತರು. ಅವರಿಗೆ ನಿಜವಾಗಿ ನಾಚಿಕೆಯಾಗಿತ್ತು.

“ಹೇಗಿದೀಯಾ?” ಎಂದರು.

“ಚೆನ್ನಾಗಿಲ್ಲ” ಎಂದರು ಅತ್ತೆ. ಆಮೇಲೆ ಯಾಕೆ ಚೆನ್ನಾಗಿಲ್ಲ ಎಂದು ಹೇಳತೊಡಗಿದರು. ಅಂಗಡಿಯವನು ಮಧ್ಯಾಹ್ನದ ಊಟಕ್ಕೆ ಬಾಗಿಲು ಹಾಕಿಕೊಂಡು ಹೋಗಿ, ಉಂಡು, ಮಲಗಿ, ಎದ್ದು ಬಂದು ನೋಡಿದರೆ ಅವರಿನ್ನೂ ಹೇಳುತ್ತಲೇ ಇದ್ದರು, ಮಾವ ಕೇಳುತ್ತಲೇ ಇದ್ದರು.